ರಿಲೇ ಮತ್ತು ಆಪ್ಟೋಕಪ್ಲರ್

ವಿಜ್ಞಾನ ಪ್ರದರ್ಶನದ ಕಾಲ ಬಂತೆಂದರೆ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆ ತಪ್ಪದು: 5 ವೋಲ್ಟಿನ ಪುಟ್ಟ ವಿದ್ಯುನ್ಮಂಡಲದಿಂದ 230 ವೋಲ್ಟಿನ ಬಲ್ಬನ್ನು ಉರಿಸುವುದು ಹೇಗೆ? ಕನ್ನಡ ಪಂಡಿತರಿಗೇಕೆ ಇದರ ಗೊಡವೆ ಎನ್ನಬೇಡಿ. ಬೆಸುಗೆ ಹಾಕುವುದು ನನ್ನ ಹಳೆಯ ಹುಚ್ಚು.

ರಿಲೇಯೊಳಗೆ ತಂತಿಯ ಸುರುಳಿಯೊಂದಿದೆ. ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗಿ ಕಬ್ಬಿಣದ ಪಟ್ಟಿಯನ್ನು ಸೆಳೆಯುತ್ತದೆ. 'ಟಕ್' ಎಂದು ಸ್ವಿಚ್ಚು ಕೂಡುತ್ತದೆ. ಸಾಮಾನ್ಯ 5 ವೋಲ್ಟಿನ ರಿಲೇಗೆ ಸುಮಾರು 70 ಮಿಲಿಆಂಪಿಯರ್ ಬೇಕು. ಮೈಕ್ರೋಕಂಟ್ರೋಲರಿನ ಒಂದು ಕಾಲು ಅಷ್ಟನ್ನು ಕೊಡಲಾರದು. ನಡುವೆ ಟ್ರಾನ್ಸಿಸ್ಟರ್ ಇರಬೇಕು. ವಿದ್ಯುತ್ತು ನಿಂತ ಕ್ಷಣದಲ್ಲಿ ಸುರುಳಿಯು ಹಿಮ್ಮುಖವಾಗಿ ನೂರಾರು ವೋಲ್ಟಿನಷ್ಟು ಒದೆಯಬಲ್ಲದು. ಆದ್ದರಿಂದ ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡನ್ನು, ಅದರ ಗೆರೆಯ ತುದಿ ಧನ ತಂತಿಗೆ ಬರುವಂತೆ, ಬೆಸೆಯಬೇಕು. ಇದನ್ನು ಮರೆತು ನಾನು ಎರಡು ಟ್ರಾನ್ಸಿಸ್ಟರ್ ಸುಟ್ಟುಕೊಂಡಿದ್ದೇನೆ.

ಇನ್ನು ಆಪ್ಟೋಕಪ್ಲರ್. ಪಿಸಿ817 ಎಂಬುದಕ್ಕೆ ನಾಲ್ಕೇ ಕಾಲು. ಒಂದು ಬದಿಯಲ್ಲಿ ಎಲ್‌ಇಡಿ, ಇನ್ನೊಂದು ಬದಿಯಲ್ಲಿ ಬೆಳಕಿಗೆ ಎಚ್ಚರಗೊಳ್ಳುವ ಟ್ರಾನ್ಸಿಸ್ಟರ್. ಹೊಳೆಯ ಈ ದಡದಲ್ಲಿ ಲಾಟೀನು ಎತ್ತಿ ಆ ದಡದವನಿಗೆ ಸನ್ನೆ ಮಾಡಿದ ಹಾಗೆ, ನಡುವೆ ತಂತಿಯಿಲ್ಲ. ಎಲ್‌ಇಡಿಗೆ 5 ವೋಲ್ಟಿನಲ್ಲಿ 330 ಓಮಿನ ರೋಧಕ ಸಾಕು. ಇದು ರಿಲೇಯನ್ನು ನೇರವಾಗಿ ಎಳೆಯಲಾರದು. ರಿಲೇಯ ಟ್ರಾನ್ಸಿಸ್ಟರನ್ನು ಎಬ್ಬಿಸುತ್ತದೆ, ಅಷ್ಟೆ. ಹಲವರು ಎರಡೂ ಬದಿಯ ಋಣ ತಂತಿಗಳನ್ನು ಒಟ್ಟಿಗೆ ಕಟ್ಟಿಬಿಡುತ್ತಾರೆ. ಆಗ ಹೊಳೆಗೆ ಸಂಕ ಹಾಕಿದಂತಾಯಿತು! ರಿಲೇಯ ಬದಿಗೆ ಬೇರೆ ವಿದ್ಯುತ್ ಮೂಲವೇ ಇರಲಿ.

ಪೋಷಕರಲ್ಲಿ ಒಂದು ವಿನಂತಿ: 230 ವೋಲ್ಟಿನ ತಂತಿಯನ್ನು ಮಕ್ಕಳ ಕೈಗೆ ಕೊಡಬೇಡಿ. ಬ್ಯಾಟರಿ ಮತ್ತು ಟಾರ್ಚಿನ ಬಲ್ಬಿನಲ್ಲೂ ರಿಲೇ ಅದೇ 'ಟಕ್' ಸದ್ದು ಮಾಡುತ್ತದೆ.