ಒಮ್ಮೆ ಸುಳ್ಳಾಡಿದ ಯಂತ್ರವನ್ನು ನಂಬುವುದೆಂತು?

ದೋಷವುಳ್ಳ ಕಾರನ್ನು ಪುಕ್ಕಟೆಯಾಗಿ ಸರಿಪಡಿಸಿಕೊಡುವೆವೆಂದು ತಯಾರಕರೇ ಕರೆದರೆ ಒಡೆಯನು ಸಂತೋಷಪಡಬೇಕಲ್ಲವೆ? ಆದರೆ 2016ರಿಂದೀಚೆಗೆ ಯೂರೋಪಿನ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಒಡೆಯರಲ್ಲಿ ಅನೇಕರು ಇಂತಹ ಕರೆಗೆ ಹಿಂಜರಿದರು. ಇದು ಬರಿಯ ಮುನಿಸೋ, ಅಥವಾ ಇದಕ್ಕೆ ವಿಜ್ಞಾನದ ಆಧಾರವೂ ಉಂಟೋ ಎಂಬುದನ್ನು ಪರಿಶೀಲಿಸೋಣ.

2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಈ ಕಾರುಗಳ ವಂಚನೆಯನ್ನು ಬಯಲುಮಾಡಿತು. ಎಂಜಿನ್ನನ್ನು ನಿಯಂತ್ರಿಸುವ ಗಣಕಕ್ಕೆ ಕೊಟ್ಟ ಆದೇಶಗಳ ಸರಣಿಯು, ಎಂದರೆ ಸಾಫ್ಟ್‌ವೇರು, ಸ್ಟೀರಿಂಗಿನ ಸ್ಥಿತಿ, ವೇಗ ಮುಂತಾದ ಕುರುಹುಗಳಿಂದ ಕಾರು ಪರೀಕ್ಷಾಲಯದಲ್ಲಿದೆಯೆಂದು ಗುರುತಿಸುತ್ತಿತ್ತು. ಅಲ್ಲಿ ಹೊಗೆಯು ಮಿತಿಯೊಳಗೇ ಇರುತ್ತಿತ್ತು. ರಸ್ತೆಗಿಳಿದೊಡನೆ ಸಾರಜನಕದ ಆಕ್ಸೈಡುಗಳು ಮಿತಿಯ 40 ಮಡಿಯವರೆಗೂ ಏರುತ್ತಿದ್ದವು. ಪ್ರಪಂಚದಲ್ಲಿ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಈ ಯುಕ್ತಿಯಿತ್ತು.

ಈ ಆಕ್ಸೈಡುಗಳು ಹುಟ್ಟುವುದು ಹೇಗೆ? ದಹನದ ಉಷ್ಣತೆ ಬಹಳ ಹೆಚ್ಚಿದಾಗ ಗಾಳಿಯಲ್ಲಿರುವ ಸಾರಜನಕವು ಆಮ್ಲಜನಕದೊಡನೆ ಸಂಯೋಗ ಹೊಂದುತ್ತದೆ. ಇದನ್ನು ತಡೆಯಲು, ಹೊರಬಿದ್ದ ಹೊಗೆಯ ಒಂದು ಭಾಗವನ್ನು ಮರಳಿ ಸಿಲಿಂಡರಿಗೆ ಹಾಯಿಸುತ್ತಾರೆ. ಆಗ ಒಳಗಿನ ಆಮ್ಲಜನಕದ ಪ್ರಮಾಣ ತಗ್ಗಿ ಜ್ವಾಲೆಯ ಉಷ್ಣತೆ ಇಳಿಯುತ್ತದೆ. ಆದರೆ ಅದೇ ಕಾರಣದಿಂದ ಮಸಿ ಹೆಚ್ಚುತ್ತದೆ. ಹೊಗೆಯನ್ನು ಹಾಯಿಸುವ ಕವಾಟದಲ್ಲಿಯೂ ಮಸಿಯನ್ನು ತಡೆಯುವ ಶೋಧಕದಲ್ಲಿಯೂ ಕಟ್ಟಿಕೊಳ್ಳುತ್ತದೆ. ತಕ್ಕಡಿಯ ಒಂದು ತಟ್ಟೆ ಇಳಿದರೆ ಇನ್ನೊಂದು ಏರಿತು.

ಯೂರೋಪಿನಲ್ಲಿ 2 ಲೀಟರ್ ಎಂಜಿನ್ನಿಗೆ ಕಂಪನಿಯು ಸೂಚಿಸಿದ ಪರಿಹಾರವು ಹೊಸ ಸಾಫ್ಟ್‌ವೇರು ಮಾತ್ರ. ಯಂತ್ರಭಾಗಗಳು ಹಳೆಯವೇ ಆಗಿರಲು, ಬರಿಯ ಆದೇಶಗಳನ್ನು ಬದಲಿಸಿ ಹೊಗೆಯನ್ನು ತಗ್ಗಿಸಿದರೆ ಅದರ ಬೆಲೆಯನ್ನು ತೆರುವವರಾರು? ಇಂಧನ ಹೆಚ್ಚು ಬೇಕಾದೀತೆ, ಕವಾಟ ಬೇಗ ಕೆಟ್ಟೀತೆ ಎಂಬುದು ಒಡೆಯರ ಶಂಕೆ. ಹಾಗೇನೂ ಆಗದೆಂದು ಕಂಪನಿಯು ಭರವಸೆಯಿತ್ತಿತು. ಆದರೆ ಮೊದಲು ವಂಚಿಸಿದ್ದೂ ಅದೇ ಕಂಪನಿಯಲ್ಲವೆ?

2022ರ ಜುಲೈ 14ರಂದು ಯೂರೋಪಿಯನ್ ಒಕ್ಕೂಟದ ನ್ಯಾಯಾಲಯವು ಈ ಪರಿಷ್ಕೃತ ಸಾಫ್ಟ್‌ವೇರನ್ನೇ ವಿಚಾರಿಸಿತು. ಹೊಗೆಯ ಮರುಹಾಯಿಕೆಯು ಪೂರ್ಣವಾಗಿ ನಡೆಯುತ್ತಿದ್ದುದು ಹೊರಗಿನ ಉಷ್ಣತೆ 15ರಿಂದ 33 ಡಿಗ್ರಿ ಸೆಲ್ಸಿಯಸಿನೊಳಗಿದ್ದಾಗ ಮಾತ್ರ. 1000 ಮೀಟರಿಗೆ ಮೇಲ್ಪಟ್ಟ ಎತ್ತರದಲ್ಲಿಯೂ ಅದು ತಗ್ಗುತ್ತಿತ್ತು. ಆಸ್ಟ್ರಿಯ, ಜರ್ಮನಿಗಳಲ್ಲಿ ವರ್ಷದ ಬಹುಭಾಗ ಅಷ್ಟು ಬೆಚ್ಚಗಿರುವುದಿಲ್ಲ! ಕವಾಟವು ಮಸಿಗಟ್ಟದಂತೆ ಕಾಪಾಡುವುದಷ್ಟೇ ಇದಕ್ಕೆ ಸಮರ್ಥನೆಯಾಗದೆಂದು ನ್ಯಾಯಾಲಯವು ತೀರ್ಮಾನಿಸಿತು. ತಕ್ಕಡಿಯ ನಿಯಮವನ್ನು ಹೊಸ ಸಾಫ್ಟ್‌ವೇರೂ ಮೀರಿರಲಿಲ್ಲ.

ಹಾಗಾದರೆ ನಂಬಿಕೆಗೆ ಆಧಾರವೇನು? ಸ್ವತಂತ್ರವಾದ ಅಳತೆ. ವಂಚನೆಯ ಸುಳಿವು ದೊರೆತದ್ದೂ ಹಾಗೆಯೇ: ವೆಸ್ಟ್ ವರ್ಜೀನಿಯ ವಿಶ್ವವಿದ್ಯಾನಿಲಯದವರು ಅಳೆಯುವ ಉಪಕರಣಗಳನ್ನು ಕಾರಿನಲ್ಲಿಯೇ ಇರಿಸಿಕೊಂಡು ರಸ್ತೆಯಲ್ಲಿ ಓಡಿಸಿ, 2014ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 2017ರ ಸೆಪ್ಟೆಂಬರಿನಿಂದ ಯೂರೋಪಿನಲ್ಲಿ ಹೊಸ ಮಾದರಿಯ ಕಾರುಗಳಿಗೆ ರಸ್ತೆಯ ಪರೀಕ್ಷೆಯೂ ಕಡ್ಡಾಯವಾಯಿತು. ವಿದ್ಯಾರ್ಥಿಗಳು ಇದನ್ನು ಮನದಲ್ಲಿಡಬೇಕು: ಅಳೆಯಲ್ಪಡುವ ವಸ್ತುವಿಗೆ ಅಳತೆಯ ಸಮಯ ಮೊದಲೇ ತಿಳಿದಿದ್ದರೆ, ಆ ಅಳತೆಗೆ ಬೆಲೆಯಿಲ್ಲ.