ಕಡಲ ಮೀನಿಗೆ ಹೊಸ ತುತ್ತು ರೂಢಿಸುವ ಬಗೆ

ಬೆಳ್ಳಿ ಮೈಗೆ ತಾಮ್ರದ ಪಟ್ಟಿ, ಚಿಮಟದಂಥ ಉದ್ದ ಮೂತಿ. ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನನ್ನು ಅಂಗಡಿಯಲ್ಲಿ ಕಂಡವರಿಗೆ ಬಿಟ್ಟು ಬರಲು ಮನಸ್ಸಾಗದು. ಮನೆಗೆ ತಂದ ಮೇಲೆ ಪೆಲೆಟ್ ಮುಟ್ಟದೆ ಸೊರಗಿ ಸಾಯುವ ಮೀನುಗಳಲ್ಲೂ ಇದೇ ಮುಂದು. ಇದು ಮೀನಿನ ಹಟವೇನಲ್ಲ. ಹವಳದ ದಿಬ್ಬಗಳಲ್ಲಿ ಬಂಡೆಯ ಸಂದಿಗೆ ಮೂತಿ ತೂರಿಸಿ ಹುಳುಗಳನ್ನು ಹೆಕ್ಕಿ ತಿಂದು ಬೆಳೆದ ಜೀವಕ್ಕೆ ನೀರಲ್ಲಿ ತೇಲುವ ಕಂದು ಗುಳಿಗೆ ಆಹಾರವೆಂದು ಹೇಗೆ ತಿಳಿಯಬೇಕು? ಹಂತಹಂತವಾಗಿ ರೂಢಿ ಮಾಡಿಸಿದರೆ ಬಹುತೇಕ ಮೀನುಗಳು ಕಲಿಯುತ್ತವೆ.

ಅಂಗಡಿಯಲ್ಲೇ ಪರೀಕ್ಷಿಸಿ

ನಿಮ್ಮ ಕಣ್ಣೆದುರೇ ಆಹಾರ ಹಾಕಿಸಿ. ತಿನ್ನದ ಮೀನನ್ನು ಕೊಳ್ಳಬೇಡಿ. ಹೊಟ್ಟೆ ಒಳಸರಿದಿದ್ದರೆ, ತಲೆಯ ಹಿಂದೆ ಬೆನ್ನು ತೆಳುವಾಗಿದ್ದರೆ ಅದು ಬಹುದಿನದಿಂದ ಉಪವಾಸವಿದೆ ಎಂದರ್ಥ. ಸೈನೈಡ್ ಬಳಸಿ ಹಿಡಿದ ಮೀನುಗಳು ಹೊರನೋಟಕ್ಕೆ ಚೆನ್ನಾಗಿದ್ದರೂ ಆಮೇಲೆ ಸಾಯುವುದುಂಟು. ಮೊದಲ ಬಾರಿ ಸಾಕುವವರು ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನಿನಿಂದ ಶುರುಮಾಡುವುದು ಮೇಲು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ತಮಿಳುನಾಡಿನ ಮಂಡಪಂನಲ್ಲಿ ಇವುಗಳ ಮರಿ ಮಾಡಿಸುವ ತಂತ್ರ ಬೆಳೆಸಿದೆ. ಇಂಥ ಮರಿಗಳಿಗೆ ಚಿಕ್ಕಂದಿನಿಂದಲೇ ಸಿದ್ಧ ಆಹಾರದ ರೂಢಿ ಇರುತ್ತದೆ.

ಮೊದಲ ದಿನಗಳು

ಹೊಸ ಮೀನನ್ನು ಪ್ರತ್ಯೇಕ ತೊಟ್ಟಿಯಲ್ಲಿಡಿ. ಉಷ್ಣತೆ 25–26 ಡಿಗ್ರಿ ಇರಲಿ, ಅಮೋನಿಯಾ ಸೊನ್ನೆಯಿರಲಿ. ಅಡಗಿ ಕೂರಲು ಒಂದೆರಡು ಪಿವಿಸಿ ಪೈಪ್ ತುಂಡು ಹಾಕಿ, ಬೆಳಕು ಮಂದ ಮಾಡಿ. ಚುರುಕಿನ ಮೀನುಗಳ ಜೊತೆ ಬಿಟ್ಟರೆ ತುತ್ತೆಲ್ಲ ಅವುಗಳ ಪಾಲಾಗುತ್ತದೆ.

ಕಾಪರ್‌ಬ್ಯಾಂಡ್‌ಗೆ ಬಾಯಿ ತೆರೆಸುವ ಒಳ್ಳೆಯ ಉಪಾಯ ಚಿಪ್ಪು. ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಸಿಗುವ ಮರುವಾಯಿ ಸಾಕು. ಉಪ್ಪು, ಅರಿಸಿನ ಯಾವುದೂ ತಗಲಬಾರದು. ತೊಳೆದು, ಕೆಲವು ದಿನ ಫ್ರೀಜರ್‌ನಲ್ಲಿಟ್ಟು, ಕರಗಿಸಿ, ಒಂದು ಹೋಳಿನಲ್ಲಿ ಮಾಂಸ ಉಳಿಯುವಂತೆ ಬಿಡಿಸಿ ಕಲ್ಲಿನ ಸಂದಿಯಲ್ಲಿಡಿ. ಸಂದಿಯಿಂದ ಹೆಕ್ಕುವುದೇ ಅದರ ಸ್ವಭಾವವಾದ್ದರಿಂದ ಮೂತಿ ತಾನಾಗಿ ಅತ್ತ ತಿರುಗುತ್ತದೆ. ಉಳಿದದ್ದನ್ನು ಒಂದೆರಡು ಗಂಟೆಯೊಳಗೆ ತೆಗೆಯಿರಿ. ಕೊಳೆತರೆ ನೀರು ಕೆಡುತ್ತದೆ.

ಚಿಪ್ಪಿಗೂ ಬಾರದಿದ್ದರೆ ಜೀವಂತ ಆರ್ಟೀಮಿಯಾ (ಉಪ್ಪುನೀರಿನ ಪುಟಾಣಿ ಸಿಗಡಿ) ಕೊಡಿ. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಲೀಟರ್ ನೀರಿಗೆ 25–30 ಗ್ರಾಂ ಅಕ್ವೇರಿಯಂ ಉಪ್ಪು, ಅರ್ಧ ಟೀ ಚಮಚ ಆರ್ಟೀಮಿಯಾ ಮೊಟ್ಟೆ ಹಾಕಿ, ಏರ್‌ಪಂಪ್ ಬಿಟ್ಟು, 27 ಡಿಗ್ರಿ ಆಸುಪಾಸಿನಲ್ಲಿ ಬೆಳಕಿನಡಿ ಇಟ್ಟರೆ ಒಂದು ದಿನ, ಒಂದೂವರೆ ದಿನದೊಳಗೆ ಮರಿಯಾಗುತ್ತವೆ. ಗಾಳಿ ನಿಲ್ಲಿಸಿದಾಗ ಸಿಪ್ಪೆ ಮೇಲೆ ತೇಲುತ್ತದೆ. ಕೆಳಗಿನ ಕಿತ್ತಳೆ ಬಣ್ಣದ ಮರಿಗಳನ್ನು ಮಾತ್ರ ಟ್ಯೂಬಿನಿಂದ ಎಳೆದು, ತೆಳು ಬಟ್ಟೆಯಲ್ಲಿ ಸೋಸಿ ಹಾಕಿ. ಮರಿಯಾದ ದಿನವೇ ತಿನ್ನಿಸಬೇಕು, ತಡವಾದಂತೆ ಸತ್ವ ಇಳಿಯುತ್ತದೆ. ದೊಡ್ಡ ಆರ್ಟೀಮಿಯಾವನ್ನಂತೂ ಸ್ಪೈರುಲಿನಾ ತಿನ್ನಿಸದೆ ಕೊಟ್ಟರೆ ಹೊಟ್ಟೆ ತುಂಬುತ್ತದೆಯೇ ಹೊರತು ಮೈಗೆ ಹಿಡಿಯದು.

ಸತ್ತ ಆಹಾರಕ್ಕೆ ಬದಲಾವಣೆ

ಜೀವಂತ ಆಹಾರವನ್ನು ಆಸೆಯಿಂದ ತಿನ್ನತೊಡಗಿದ ಮೇಲೆ ಅದರ ಜೊತೆ ಕರಗಿಸಿದ ಮೈಸಿಸ್ ಸಿಗಡಿ ಸ್ವಲ್ಪ ಬೆರೆಸಿ, ಪಂಪಿನ ಹರಿವಿನ ಎದುರು ಪಿಪೆಟ್‌ನಿಂದ ಬಿಡಿ. ಹರಿವಿಗೆ ಸಿಕ್ಕಿ ಅಲುಗಾಡುವ ಮೈಸಿಸ್ ಜೀವಂತವಾಗಿ ಕಾಣುತ್ತದೆ. ದಿನಕ್ಕೆ ಮೂರು ನಾಲ್ಕು ಬಾರಿ ಸ್ವಲ್ಪಸ್ವಲ್ಪ ಕೊಡುತ್ತಾ, ಮೈಸಿಸ್ ಪಾಲು ಹೆಚ್ಚಿಸುತ್ತಾ ಹೋಗಿ. ಮೀನು ಹಿಂದೆಗೆದರೆ ನೀವೂ ಒಂದು ಹೆಜ್ಜೆ ಹಿಂದೆ ಬನ್ನಿ. ಹಸಿವಾದರೆ ತಾನೇ ತಿನ್ನುತ್ತದೆ ಎಂದು ಉಪವಾಸ ಕೆಡವುವುದು ಮಾತ್ರ ಬೇಡ. ತೆಳ್ಳಗಾದ ಬಟರ್‌ಫ್ಲೈ ಮತ್ತೆ ಚೇತರಿಸಿಕೊಳ್ಳುವುದು ಅಪರೂಪ. ಬೆಳ್ಳುಳ್ಳಿ ರಸದ ವಾಸನೆಗೆ ಕೆಲವು ಮೀನು ಬರುವುದುಂಟು, ಆದರೆ ಅದನ್ನು ಔಷಧಿಯೆಂದು ನೆಚ್ಚಬೇಡಿ.

ಮೈಸಿಸ್ ಹಿಡಿಸಿದ ಮೇಲೆ ಅನೇಕರು ಅಲ್ಲಿಗೇ ನಿಲ್ಲಿಸುತ್ತಾರೆ. ಒಂದೇ ಆಹಾರದಲ್ಲಿ ಎಲ್ಲ ಪೋಷಕಾಂಶ ಸಿಗದು. ಸಿಗಡಿ, ಬೊಂಡಾಸ್, ಮರುವಾಯಿ, ಮೀನಿನ ಮೊಟ್ಟೆಗಳನ್ನು ಸಣ್ಣಗೆ ಹೆಚ್ಚಿ, ಜಿಪ್ ಕವರ್‌ನಲ್ಲಿ ತೆಳ್ಳಗೆ ಹರಡಿ ಫ್ರೀಜ್ ಮಾಡಿದರೆ ಬೇಕಾದಷ್ಟು ಮುರಿದು ಹಾಕಬಹುದು. ಕೊನೆಗೆ ಈ ಮಿಶ್ರಣದ ರಸದಲ್ಲಿ ನೆನೆಸಿದ ಪೆಲೆಟ್ ಬೆರೆಸಿ. ಪಾಚಿ ಮೇಯುವ ಟ್ಯಾಂಗ್ ಮೀನುಗಳಿಗೆ ಎಣ್ಣೆ, ಮಸಾಲೆ ಇಲ್ಲದ ನೋರಿ (ಒಣ ಕಡಲಪಾಚಿ) ಹಾಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ದಿನವೂ ಕೊಡಬೇಕು.

ಲಯನ್ ಫಿಶ್‌ಗೆ ಗೋಲ್ಡ್ ಫಿಶ್ ಹಾಕಿ ಸಾಕುವ ರೂಢಿ ತಪ್ಪಬೇಕು. ಗೋಲ್ಡ್ ಫಿಶ್‌ನಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ನಾಶಮಾಡುತ್ತದೆ. ಅದರ ಬದಲು ಸಿಗಡಿ ತುಂಡನ್ನು ಉದ್ದ ಕಡ್ಡಿಯ ತುದಿಗೆ ಸಿಕ್ಕಿಸಿ ಮುಖದೆದುರು ಅಲುಗಾಡಿಸಿ. ಲಯನ್ ಫಿಶ್‌ನ ಮುಳ್ಳು ವಿಷದ್ದು, ಕೈ ದೂರವಿರಲಿ.

ಮ್ಯಾಂಡರಿನ್ ಮೀನಿಗೆ ಈ ಪಾಠವೆಲ್ಲ ಹೆಚ್ಚಾಗಿ ನಾಟುವುದಿಲ್ಲ. ಅದು ಇಡೀ ದಿನ ಕಲ್ಲಿನ ಮೇಲಿನ ಪುಟ್ಟ ಜೀವಿಗಳಾದ ಕೊಪೆಪಾಡ್‌ಗಳನ್ನು ಹೆಕ್ಕುತ್ತಲೇ ಇರಬೇಕು. ಲೈವ್ ರಾಕ್ (ಜೀವಿಗಳು ನೆಲೆಸಿದ ಕಡಲ ಕಲ್ಲು) ಧಾರಾಳವಾಗಿದ್ದು, ಹಲವು ತಿಂಗಳು ನಡೆದ ದೊಡ್ಡ ತೊಟ್ಟಿಯಲ್ಲಿ, ರಾತ್ರಿ ಟಾರ್ಚ್ ಹಾಕಿದಾಗ ಗಾಜಿನ ಮೇಲೆ ಕೊಪೆಪಾಡ್‌ಗಳು ದಟ್ಟವಾಗಿ ಓಡಾಡುವುದು ಕಾಣುವವರೆಗೆ ಇದನ್ನು ತರಬೇಡಿ.