ಧ್ವನಿ ತಾನಾಗಿಯೇ ಪಿಸುಮಾತಾದರೆ



ಈ ಸಲದ ವಿಷಯ ಪಿಸುಮಾತು. ಹೃದಯದ ಡಾಕ್ಟರಿಗೂ ಪಿಸುಮಾತಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಧ್ವನಿಯನ್ನು ನಡೆಸುವ ಒಂದು ನರ ಹೃದಯದ ಹತ್ತಿರ ಬಳಸಿಕೊಂಡೇ ಗಂಟಲಿಗೆ ಹೋಗುತ್ತದೆ. ನಾವು ಬೇಕೆಂದೇ ಪಿಸುಗುಟ್ಟಿದರೆ ಚಿಂತೆಯಿಲ್ಲ. ಆದರೆ ಧ್ವನಿ ತಾನಾಗಿಯೇ ಪಿಸುಮಾತಿನಂತಾಗಿ ವಾರಗಟ್ಟಲೆ ಹಾಗೇ ಉಳಿದರೆ ಕಾರಣ ಹುಡುಕಲೇಬೇಕು.

*ಪಿಸುಮಾತು ಹುಟ್ಟುವುದು ಹೇಗೆ?*

ನಮ್ಮ ಗಂಟಲಿನಲ್ಲಿ ಎರಡು ಧ್ವನಿತಂತುಗಳಿವೆ. ಮಾತನಾಡುವಾಗ ಅವು ಹತ್ತಿರ ಬಂದು ಉಸಿರಿನ ಗಾಳಿಗೆ ಕಂಪಿಸುತ್ತವೆ: ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ. ಪಿಸುಗುಟ್ಟುವಾಗ ಅವು ಕಂಪಿಸುವುದಿಲ್ಲ. ನಡುವಿನ ಸಂದಿಯಿಂದ ಗಾಳಿ ಸುಯ್ಯೆಂದು ಬರುತ್ತದೆ, ನಾಲಿಗೆ ಮತ್ತು ತುಟಿ ಅದಕ್ಕೇ ಅಕ್ಷರದ ರೂಪ ಕೊಡುತ್ತವೆ. ಹಾಗಾಗಿ ಪಿಸುಮಾತು ದೂರ ಹೋಗುವುದಿಲ್ಲ. ಲೋಕಲ್ ಟ್ರೇನಿನಲ್ಲಿ ಪಕ್ಕದವರಿಗೂ ಕೇಳಿಸದು.

ದೂರ ಹೋಗುವ ಜಾಗವೂ ಒಂದಿದೆ. ವಿಜಯಪುರದ ಕಡೆಯವರಿಗೆ ಅದು ಗೊತ್ತು. 1656ರ ಹೊತ್ತಿಗೆ ಕಟ್ಟಿದ ಗೋಳಗುಮ್ಮಟದ ಮೇಲಿನ ಸುತ್ತುಪಡಸಾಲೆಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ, ಸುಮಾರು 38 ಮೀಟರ್ ಆಚೆ ಎದುರು ಗೋಡೆಯ ಬಳಿ ಇರುವವರಿಗೆ ಕೇಳಿಸುತ್ತದೆ. ಬಾಗಿದ ಗೋಡೆ ಆ ಸಣ್ಣ ಸದ್ದನ್ನು ಚದುರಲು ಬಿಡದೆ ಸಾಗಿಸುತ್ತದೆ.

*ಪ್ರಾಣಿಗಳೂ ಪಿಸುಗುಟ್ಟುತ್ತವೆ*

ಬಲೀನ್ ತಿಮಿಂಗಿಲಗಳ ಒಂದು ಜಾತಿಯಾದ ರೈಟ್ ವೇಲ್‌ನಲ್ಲಿ, ಹೊಸ ಮರಿಯಿರುವ ತಾಯಿ ಜೋರಾಗಿ ಕೂಗುವುದನ್ನು ಕಡಿಮೆ ಮಾಡಿ, ಮರಿಗೆ ಮಾತ್ರ ಕೇಳುವಷ್ಟು ಸಣ್ಣ ಸದ್ದು ಮಾಡುತ್ತದೆ ಎಂದು 2019ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಬೇಟೆಯಾಡುವ ಶಾರ್ಕ್, ಓರ್ಕಾಗಳ ಕಿವಿಗೆ ಬೀಳದಿರಲಿ ಎಂಬುದೇ ಇದಕ್ಕೆ ಕಾರಣವಿರಬೇಕು. ನಮ್ಮ ಹಳೆಯ ಗುಡಿ, ಗುಹೆಗಳಲ್ಲಿ ಇರುವ ಮೆಗಾಡರ್ಮಾ ಜಾತಿಯ ಬಾವಲಿಗಳೂ ಬಲು ಮೆಲ್ಲಗೆ ಸದ್ದು ಮಾಡುತ್ತವೆ. ಬೇಟೆ ಅಲುಗಾಡುವ ಸದ್ದನ್ನು ಆಲಿಸಿ ಅದನ್ನು ಹಿಡಿಯುತ್ತವೆ.

*ಡಾಕ್ಟರು ಪಿಸುಮಾತನ್ನು ಬಳಸುವ ಎರಡು ಬಗೆ*

1. ಎದೆಯ ತಪಾಸಣೆ. ಬೆನ್ನಿನ ಮೇಲೆ ಸ್ಟೆತಸ್ಕೋಪ್ ಇಟ್ಟು, "ಒಂದು, ಎರಡು, ಮೂರು ಎಂದು ಪಿಸುಗುಟ್ಟಿ" ಎನ್ನುತ್ತೇವೆ. ಆರೋಗ್ಯವಂತ ಶ್ವಾಸಕೋಶದ ತುಂಬ ಗಾಳಿ ಇರುವುದರಿಂದ ಆ ಮಾತು ಅಸ್ಪಷ್ಟವಾಗಿ ಕೇಳುತ್ತದೆ. ನ್ಯುಮೋನಿಯಾದಲ್ಲಿ ಆ ಭಾಗ ಗಟ್ಟಿಯಾಗಿರುತ್ತದೆ, ಆಗ ಪಿಸುಮಾತು ಸ್ಪಷ್ಟವಾಗಿ ಕೇಳಿಬಿಡುತ್ತದೆ.

2. ಕಿವಿಯ ತಪಾಸಣೆ. ಇದನ್ನು ಮನೆಯಲ್ಲೂ ಮಾಡಿ ನೋಡಬಹುದು. ಟಿವಿ, ಫ್ಯಾನ್ ನಿಲ್ಲಿಸಿ. ಹಳಿಯ ಹತ್ತಿರ ಮನೆಯಿದ್ದರೆ ಗಾಡಿ ದಾಟಿ ಹೋಗಲಿ. ಹಿರಿಯರ ಹಿಂದೆ ಒಂದು ತೋಳಿನಷ್ಟು ದೂರ ನಿಲ್ಲಿ, ನಿಮ್ಮ ತುಟಿ ಅವರಿಗೆ ಕಾಣಬಾರದು. ಅವರು ಒಂದು ಕಿವಿ ಮುಚ್ಚಿಕೊಳ್ಳಲಿ. ನೀವು ಉಸಿರು ಹೊರಬಿಟ್ಟ ನಂತರ "ನಾಲ್ಕು, ಕ, ಎಂಟು" ಎಂಬಂತೆ ಮೂರು ಅಂಕಿ-ಅಕ್ಷರ ಪಿಸುಗುಟ್ಟಿ. ತಪ್ಪಾದರೆ ಬೇರೆ ಮೂರು ಹೇಳಿ. ಆರರಲ್ಲಿ ಮೂರೂ ಸರಿ ಹೇಳದಿದ್ದರೆ ಕಿವಿಯ ಡಾಕ್ಟರಿಗೆ ತೋರಿಸಿ. ಮಾತ್ರೆಯ ಲೆಕ್ಕ ತಪ್ಪುವುದಕ್ಕೆ ಎಷ್ಟೋ ಸಲ ಮರೆವಿಗಿಂತ ಮಂದ ಕಿವಿಯೇ ಕಾರಣ.

*ಗಂಟಲು ಕಟ್ಟಿದಾಗ ಪಿಸುಗುಟ್ಟಬೇಡಿ*

ಶಾಲೆಯ ಟೀಚರ್, ಹೋಟೆಲಿನಲ್ಲಿ ಆರ್ಡರ್ ಕೂಗುವವರು, ಎಂಐಡಿಸಿಯಲ್ಲಿ ಮಶೀನಿನ ಸದ್ದಿನ ಮೇಲೆ ಮಾತನಾಡುವವರು ಗಂಟಲು ಕಟ್ಟಿದಾಗ ವಿಶ್ರಾಂತಿ ಎಂದುಕೊಂಡು ಪಿಸುಗುಟ್ಟುತ್ತಾರೆ. ಒತ್ತಿ ಪಿಸುಗುಟ್ಟಿದರೆ ಹಲವರಲ್ಲಿ ಗಂಟಲಿನ ಸ್ನಾಯುಗಳು ಇನ್ನೂ ಬಿಗಿಯುತ್ತವೆ. ಮೌನವಾಗಿರಿ, ಇಲ್ಲವೇ ಹತ್ತಿರ ಹೋಗಿ ಸಹಜ ಧ್ವನಿಯಲ್ಲೇ ಮೆಲ್ಲಗೆ ಮಾತನಾಡಿ. ನೀರು ಕುಡಿಯುತ್ತಿರಿ. ತಂಬಾಕು, ಬೀಡಿ ಬಿಡಿ.

*ಹೃದಯದ ಪಕ್ಕದ ನರ*

ಧ್ವನಿಪೆಟ್ಟಿಗೆಗೆ ಬರುವ ಎಡಗಡೆಯ ನರ ನೇರವಾಗಿ ಬರುವುದಿಲ್ಲ. ಅದು ಎದೆಯೊಳಗೆ ಇಳಿದು, ಹೃದಯದಿಂದ ಹೊರಡುವ ಮಹಾಧಮನಿಯ ಕಮಾನಿನ ಕೆಳಗೆ ಬಳಸಿ, ಮತ್ತೆ ಮೇಲೇರಿ ಗಂಟಲು ಸೇರುತ್ತದೆ. ಅಲ್ಲಿ ಯಾವುದಾದರೂ ಊದಿಕೊಂಡು ನರವನ್ನು ಒತ್ತಿದರೆ ಎಡಗಡೆಯ ಧ್ವನಿತಂತು ಅಲುಗಾಡದೆ ಮಾತಿನಲ್ಲಿ ಗಾಳಿ ಸೋರುತ್ತದೆ. ಹೃದಯದ ಮೈಟ್ರಲ್ ಕವಾಟ ಕಿರಿದಾದ ರೋಗಿಗಳಲ್ಲಿ ಧ್ವನಿ ಕೂರುವುದನ್ನು 1897ರಲ್ಲಿ ನಾರ್ಬರ್ಟ್ ಆರ್ಟ್ನರ್ ಎಂಬ ವೈದ್ಯರು ವರ್ಣಿಸಿದರು. ಚಿಕ್ಕಂದಿನ ಗಂಟಲು ಸೋಂಕಿನ ನಂತರ ಬರುವ ರುಮಾಟಿಕ್ ಜ್ವರದಿಂದ ಈ ಕವಾಟ ಹಾಳಾಗುವುದು ನಮ್ಮ ದೇಶದಲ್ಲಿ ಇಂದಿಗೂ ಇದೆ. ಮಹಾಧಮನಿಯ ಉಬ್ಬು, ಶ್ವಾಸಕೋಶದ ಗೆಡ್ಡೆ, ಟಿಬಿಯ ಗಂಟುಗಳೂ ಈ ನರವನ್ನು ಒತ್ತಬಹುದು.

ಹೆದರಬೇಡಿ. ಧ್ವನಿ ಕೂರುವುದಕ್ಕೆ ಹೆಚ್ಚಾಗಿ ಕಾರಣ ನೆಗಡಿ, ಕೂಗಾಟ, ಆ್ಯಸಿಡಿಟಿ. ಆದರೆ ಇಷ್ಟು ನೆನಪಿಡಿ:

✅ 3 ವಾರ ಕಳೆದರೂ ಧ್ವನಿ ಸರಿಯಾಗದಿದ್ದರೆ ಇಎನ್‌ಟಿ ಡಾಕ್ಟರನ್ನು ಕಾಣಿ.
✅ ಕಫದಲ್ಲಿ ರಕ್ತ, ನುಂಗಲು ಕಷ್ಟ, ಕುತ್ತಿಗೆಯಲ್ಲಿ ಗಂಟು ಇದ್ದರೆ 3 ವಾರ ಕಾಯಬೇಡಿ.
✅ ಮೆಟ್ಟಿಲು ಹತ್ತುವಾಗ ಏದುಸಿರು, ಒಂದೇ ಉಸಿರಿಗೆ ಒಂದು ವಾಕ್ಯ ಮುಗಿಸಲಾಗದಿರುವುದು: ಎದೆಯನ್ನೂ ತೋರಿಸಿ, ಎಕೋ ಬೇಕೇ ಎಂದು ಕೇಳಿ.
🚨 ಮಾತು ಇದ್ದಕ್ಕಿದ್ದಂತೆ ತೊದಲಿ, ಬಾಯಿ ಸೊಟ್ಟಗಾದರೆ, ಕೈ ಶಕ್ತಿ ಕುಂದಿದರೆ ಅದು ಲಕ್ವ. ಕೂಡಲೇ 108ಕ್ಕೆ ಕರೆ ಮಾಡಿ.

ಇಲ್ಲಿ ದವಾಖಾನೆಯಲ್ಲಿ ಮರಾಠಿಯಲ್ಲಿ ಹೇಳಬೇಕಾದರೆ, "ತೀನ್ ಆಠವಡೇ ಝಾಲೇ, ಆವಾಜ್ ಬಸ್ಲಾಯ್" ಎಂದರೆ ಸಾಕು.

*ಕೊನೆಯ ಮಾತು*

ತಿಮಿಂಗಿಲದ ತಾಯಿ ಮರಿಯನ್ನು ಕಾಪಾಡಲು ಪಿಸುಗುಟ್ಟುತ್ತದೆ. ನಮ್ಮ ಮನೆಗಳಲ್ಲಿ ಕಾಯಿಲೆಯ ವಿಷಯ ಬಂದಾಗ ಪಿಸುಮಾತು ಕಾಪಾಡುವುದಿಲ್ಲ. ರಾತ್ರಿ ಎದೆ ಹಿಂಡಿದಂತಾದರೆ ಒಂದೇ ಖೋಲಿಯಲ್ಲಿ ಮಲಗಿದ ಮಕ್ಕಳು ಏಳಬಾರದು ಎಂದು ಅಕ್ಕಂದಿರು ಬಾಯಿ ಬಿಡುವುದಿಲ್ಲ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತ ಬರೀ ಸುಸ್ತು, ವಾಕರಿಕೆ, ದವಡೆ ಅಥವಾ ಬೆನ್ನಿನ ನೋವಾಗಿಯೂ ಬರಬಹುದು. ಅಂಥ ಹೊತ್ತಿನಲ್ಲಿ ಜೋರಾಗಿ ಹೇಳಿ, ಮನೆಯವರನ್ನು ಎಬ್ಬಿಸಿ. ಒಂದು ಇಸಿಜಿ ತೆಗೆಯಲು ಕೆಲವೇ ನಿಮಿಷ ಸಾಕು, ತಡಮಾಡಿದರೆ ಹೃದಯದ ಸ್ನಾಯು ಸಾಯುತ್ತದೆ.

ಇದು ತಿಳಿವಳಿಕೆಗಾಗಿ ಬರೆದದ್ದು, ನಿಮ್ಮ ಡಾಕ್ಟರ ಸಲಹೆಗೆ ಬದಲಿ ಅಲ್ಲ. ಊರಿನಲ್ಲಿರುವ ಅಪ್ಪ-ಅವ್ವನಿಗೂ ಓದಿ ಹೇಳಿ. 🙏

– ಹೃದ್ರೋಗ ತಜ್ಞರು, ಎಂ.ಡಿ., ಅಂಬರನಾಥ